ಒಂದು ಮಾತ್ರೆ ಕ್ಯಾಲ್ಸಿಯಂ ಕೊಡುತ್ತದೆ, ಇನ್ನೊಂದು ತಡೆಯುತ್ತದೆ: ಹೃದಯದ ಕೋಶದೊಳಗೆ ನಡೆಯುವುದೇನು?

ಪ್ರಶ್ನೆ: ನಮ್ಮ ಅಮ್ಮನಿಗೆ 71 ವರ್ಷ. ಬಿಪಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ. ತೆಗೆದುಕೊಳ್ಳುತ್ತಾರೆ. ಮೂಳೆ ಸವೆದಿದೆ ಎಂದು ಹೋದ ತಿಂಗಳು ಮೂಳೆ ಡಾಕ್ಟರು ಕ್ಯಾಲ್ಸಿಯಂ 500 ಬರೆದುಕೊಟ್ಟಿದ್ದಾರೆ. ಅಮ್ಲೋಡಿಪಿನ್ ಎಂದರೆ ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಅಂತೆ. ಒಂದು ಕೊಡುವುದು, ಇನ್ನೊಂದು ತಡೆಯುವುದು; ಇದು ಹೇಗೆ ಸರಿ? ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ಹೃದಯ ಬಡಿಯುವುದೇ ಕ್ಯಾಲ್ಸಿಯಂನಿಂದ ಎನ್ನುತ್ತಾಳೆ. ಹಾಗಾದರೆ ಅದನ್ನು ತಡೆದರೆ ಅಮ್ಮನ ಹೃದಯ ದುರ್ಬಲವಾಗುವುದಿಲ್ಲವೇ? ಸೋದರಮಾವನಿಗೆ ಹೃದಯಕ್ಕೆಂದು ಡಿಗಾಕ್ಸಿನ್ ಮಾತ್ರೆ ಕೊಟ್ಟಿದ್ದಾರೆ, ಅದೂ ಕ್ಯಾಲ್ಸಿಯಂ ಮೇಲೆಯೇ ಕೆಲಸ ಮಾಡುವುದಂತೆ. ಅಮ್ಮನ ಎಕೋ ರಿಪೋರ್ಟಿನಲ್ಲಿ ‘ಗ್ರೇಡ್ 1 ಡಯಾಸ್ಟೊಲಿಕ್ ಡಿಸ್‌ಫಂಕ್ಷನ್’ ಎಂದೂ ಇದೆ. ಸ್ವಲ್ಪ ವಿವರವಾಗಿ ತಿಳಿಸುವಿರಾ?
ಓದುಗರು, ಕಲ್ಯಾಣಪುರ, ಉಡುಪಿ

ಉತ್ತರ: ಎರಡೂ ಮಾತ್ರೆಗಳನ್ನು ಅಮ್ಮ ತೆಗೆದುಕೊಳ್ಳಬಹುದು, ಹೆದರಬೇಡಿ. ನಿಮ್ಮ ಮಗಳು ಹೇಳಿದ್ದೂ ನಿಜ. ಈ ಎರಡು ಮಾತು ಒಂದಕ್ಕೊಂದು ಹೊಂದುವುದು ಹೇಗೆ ಎಂದು ತಿಳಿಯಬೇಕಾದರೆ ಒಂದೇ ಒಂದು ಬಡಿತದೊಳಗೆ ಏನೇನಾಗುತ್ತದೆ ಎಂದು ನಿಧಾನವಾಗಿ ನೋಡಬೇಕು. ಹೃದಯ ಬಿಗಿಯಾಗಲು ಕ್ಯಾಲ್ಸಿಯಂ ಬಿಡುಗಡೆಯಾಗಬೇಕು ಎಂಬುದನ್ನು ಬಹಳ ಜನ ಕೇಳಿರುತ್ತಾರೆ. ಬಿಡುಗಡೆಯಾದದ್ದೆಲ್ಲ ಮುಂದಿನ ಬಡಿತಕ್ಕೆ ಮೊದಲು ಹಿಂದಕ್ಕೆ ಹೋಗಿರಬೇಕು ಎಂಬ ಉಳಿದರ್ಧವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಹೃದಯದ ಹಲವು ತೊಂದರೆಗಳು ಹುಟ್ಟುವುದು ಆ ಉಳಿದರ್ಧದಲ್ಲಿ. ನಿಮ್ಮ ಎಕೋ ರಿಪೋರ್ಟಿನ ಸಾಲಿಗೂ ಉತ್ತರ ಅಲ್ಲೇ ಇದೆ.

ರಕ್ತದ ಕ್ಯಾಲ್ಸಿಯಂ ಬೇರೆ, ಕೋಶದೊಳಗಿನದ್ದು ಬೇರೆ

ಲ್ಯಾಬಿನ ಚೀಟಿಯಲ್ಲಿ ಕ್ಯಾಲ್ಸಿಯಂ ಎದುರು 8.5ರಿಂದ 10.5 ಮಿ.ಗ್ರಾಂ./ಡೆಸಿಲೀಟರ್ ಎಂದು ಸಾಮಾನ್ಯ ಮಿತಿ ಬರೆದಿರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ರಕ್ತದ ಪ್ರೋಟೀನಾದ ಆಲ್ಬುಮಿನ್ ಮೊದಲಾದವಕ್ಕೆ ಅಂಟಿಕೊಂಡಿರುತ್ತದೆ. ಕೆಲಸಕ್ಕೆ ಬರುವುದು ಉಳಿದ ಬಿಡಿ, ವಿದ್ಯುದಾವೇಶವುಳ್ಳ ಕಣಗಳಾದ ಅಯಾನ್‌ಗಳು ಮಾತ್ರ, ಸುಮಾರು 1.2 ಮಿಲಿಮೋಲಾರ್. ಮೋಲಾರ್ ಎಂದರೆ ದ್ರವದಲ್ಲಿ ಕಣಗಳ ಸಾಂದ್ರತೆಯ ಅಳತೆ; ಮಿಲಿಯ ಸಾವಿರದಲ್ಲೊಂದು ಪಾಲು ಮೈಕ್ರೊ, ಅದರ ಸಾವಿರದಲ್ಲೊಂದು ಪಾಲು ನ್ಯಾನೊ. ಈಗ ಹೃದಯದ ಸ್ನಾಯುಕೋಶದ ಒಳಗೆ ನೋಡಿ. ಅದು ಸಡಿಲಾಗಿರುವಾಗ ಒಳಗಿನ ಬಿಡಿ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್, ಅಂದರೆ ಹೊರಗಿನದ್ದರ ಹತ್ತು ಸಾವಿರದಲ್ಲಿ ಒಂದು ಪಾಲು. ಕೋಶದ ಹೊರಪೊರೆ ಈ ವ್ಯತ್ಯಾಸವನ್ನು ಕ್ಷಣವೂ ಬಿಡದೆ ಕಾಯುತ್ತದೆ. ವ್ಯತ್ಯಾಸ ಇಷ್ಟು ದೊಡ್ಡದಾಗಿರುವುದರಿಂದಲೇ ಬಾಗಿಲು ಒಂದು ಚೂರು ತೆರೆದರೂ ಒಳಗೆ ಅದು ಗಟ್ಟಿ ಸಂಕೇತವಾಗುತ್ತದೆ.

ಅಮ್ಮ ನುಂಗುವ 500 ಮಿ.ಗ್ರಾಂ. ಮಾತ್ರೆ ಈ ಲೆಕ್ಕವನ್ನು ಕದಲಿಸುವುದಿಲ್ಲ. ಕರುಳು ಅದರಲ್ಲಿ ಒಂದು ಭಾಗವನ್ನಷ್ಟೇ ಹೀರುತ್ತದೆ. ರಕ್ತದ ಮಟ್ಟ ಸ್ವಲ್ಪ ಏರಿದೊಡನೆ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಹಾರ್ಮೋನನ್ನು ತಗ್ಗಿಸುತ್ತವೆ, ಹೆಚ್ಚಾದದ್ದು ಮೂಳೆಗೋ ಮೂತ್ರಕ್ಕೋ ಹೋಗುತ್ತದೆ. ಮೈಯ ಕ್ಯಾಲ್ಸಿಯಂನಲ್ಲಿ 99 ಶೇಕಡಾ ಇರುವುದು ಮೂಳೆ ಹಲ್ಲುಗಳಲ್ಲೇ. ರಾಗಿ ತಿಂದರೂ, ಮುಳ್ಳು ಸಮೇತ ಸಣ್ಣ ಮೀನು ತಿಂದರೂ ಇದೇ ದಾರಿ. ಮಾತ್ರೆ ಮೂಳೆಗೆ, ಹೃದಯಕ್ಕೆ ಅದು ಹೆಚ್ಚು ಬಲ ಕೊಡುವುದೂ ಇಲ್ಲ, ಹೃದಯದ ಬಲ ಕಸಿಯುವುದೂ ಇಲ್ಲ.

ಒಂದು ಬಡಿತದ ಮೊದಲರ್ಧ

ಕುಹರದ (ರಕ್ತವನ್ನು ಹೊರತಳ್ಳುವ ಕೆಳಗಿನ ಕೋಣೆಯ) ಒಂದು ಸ್ನಾಯುಕೋಶ ನೂರು–ನೂರೈವತ್ತು ಮೈಕ್ರೊಮೀಟರ್ ಉದ್ದ, ಇಪ್ಪತ್ತು–ಮೂವತ್ತು ಮೈಕ್ರೊಮೀಟರ್ ಅಗಲ. ವಿಶ್ರಾಂತಿಯಲ್ಲಿ ಅದರ ಪೊರೆಯ ಒಳಬದಿ ಹೊರಗಿಗಿಂತ ಸುಮಾರು 85 ಮಿಲಿವೋಲ್ಟ್ ಋಣವಾಗಿರುತ್ತದೆ. ಬಡಿತ ಶುರುಮಾಡುವ ಸೈನಸ್ ನೋಡಿನಿಂದ ಹೊರಟ ವಿದ್ಯುತ್ ಅಲೆ ತಲುಪಿದೊಡನೆ ಪೊರೆಯಲ್ಲಿರುವ ಬಾಗಿಲುಗಳಾದ ಸೋಡಿಯಂ ಚಾನೆಲ್‌ಗಳು ತೆರೆದು ಒಂದೆರಡು ಮಿಲಿಸೆಕೆಂಡಿನಲ್ಲಿ ಒಳಬದಿ ಧನವಾಗುತ್ತದೆ. ಆಗ ತೆರೆಯುವವು ‘ಎಲ್–ಮಾದರಿ’ಯ ಕ್ಯಾಲ್ಸಿಯಂ ಚಾನೆಲ್‌ಗಳು. ಬ್ಲಾಕರ್ ಮಾತ್ರೆಗಳೆಲ್ಲ ಕೂರುವುದು ಈ ಚಾನೆಲ್ ಮೇಲೆಯೇ. ಇವು ತೆರೆದಿರುವ ಕಾರಣಕ್ಕೇ ಹೃದಯಕೋಶದ ವಿದ್ಯುತ್ ಅಲೆ 200ರಿಂದ 300 ಮಿಲಿಸೆಕೆಂಡು ಎಳೆಯುತ್ತದೆ. ಕೈಕಾಲಿನ ಸ್ನಾಯುವಿನಲ್ಲಿ ಅದು ಕೆಲವೇ ಮಿಲಿಸೆಕೆಂಡು. ಎಳೆಯುವುದರಿಂದ ಒಂದು ದೊಡ್ಡ ಅನುಕೂಲವಿದೆ: ಬಿಗಿತ ಹೆಚ್ಚುಕಡಿಮೆ ಮುಗಿಯುವವರೆಗೆ ಕೋಶ ಇನ್ನೊಂದು ಸಂಕೇತವನ್ನು ಸ್ವೀಕರಿಸುವುದಿಲ್ಲ. ಕಾಲಿನ ಮೀನಖಂಡ ಸೆಟೆದು ನಿಂತಂತೆ ಹೃದಯ ಸೆಟೆದು ನಿಲ್ಲದಿರುವುದು ಇದರಿಂದ.

ಆದರೆ ಹೊರಗಿನಿಂದ ಹೀಗೆ ಬರುವ ಕ್ಯಾಲ್ಸಿಯಂ ಕೋಶವನ್ನು ಬಿಗಿಗೊಳಿಸಲು ಸಾಲದು. ಮನುಷ್ಯನ ಕುಹರದಲ್ಲಿ ಒಂದು ಬಡಿತಕ್ಕೆ ಬೇಕಾದ ಕ್ಯಾಲ್ಸಿಯಂನಲ್ಲಿ ಹೊರಗಿನ ಪಾಲು ಮೂರನೇ ಒಂದಕ್ಕಿಂತ ಕಡಿಮೆ. ಉಳಿದದ್ದು ಕೋಶದೊಳಗಿನ ಸಂಗ್ರಹದಿಂದ ಬರಬೇಕು. ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಬಲೆಯಂತಹ ಕೊಳವೆ ಜಾಲವೇ ಆ ಸಂಗ್ರಹ. ಮುಂದೆ ಎಸ್‌ಆರ್ ಎನ್ನುತ್ತೇನೆ. ಅದರೊಳಗೆ ಕ್ಯಾಲ್ಸಿಕ್ವೆಸ್ಟ್ರಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡಿರುತ್ತದೆ. ಬಿಡಿಯಾಗಿರುವುದೇ ಸುಮಾರು 1 ಮಿಲಿಮೋಲಾರ್.

ಈಗ ಇಡೀ ವ್ಯವಸ್ಥೆಯ ಅತಿ ಸೂಕ್ಷ್ಮ ಜಾಗ. ಕೋಶದ ಹೊರಪೊರೆ ಅಲ್ಲಲ್ಲಿ ಒಳಕ್ಕೆ ಮಡಚಿ ಟಿ–ಕೊಳವೆಗಳಾಗಿ ಇಳಿಯುತ್ತದೆ, ಹೆಚ್ಚುಕಡಿಮೆ ಎರಡೆರಡು ಮೈಕ್ರೊಮೀಟರಿಗೆ ಒಂದರಂತೆ. ಪ್ರತಿ ಕೊಳವೆಯ ಪಕ್ಕಕ್ಕೇ ಎಸ್‌ಆರ್‌ನ ಒಂದು ತುದಿ ಬಂದು ನಿಂತಿರುತ್ತದೆ. ಎರಡರ ನಡುವಿನ ಸಂದು ಹನ್ನೆರಡು–ಹದಿನೈದು ನ್ಯಾನೊಮೀಟರ್ ಅಷ್ಟೇ. ಸಂದಿನ ಈಚೆ ಬದಿಯಲ್ಲಿ ಎಲ್–ಮಾದರಿಯ ಚಾನೆಲ್‌ಗಳು, ಆಚೆ ಬದಿಯಲ್ಲಿ ಎಸ್‌ಆರ್‌ನ ಬಿಡುಗಡೆಯ ದ್ವಾರಗಳು. ಆ ದ್ವಾರದ ಹೆಸರು ರಯನೊಡಿನ್ ಗ್ರಾಹಕ. ಹೃದಯದಲ್ಲಿರುವುದು ಅದರ ಎರಡನೆಯ ಬಗೆ. ನಾಲ್ಕು ತುಂಡು ಸೇರಿ ಒಂದು ದ್ವಾರ. ನಮಗೆ ತಿಳಿದಿರುವ ಅಯಾನ್ ಚಾನೆಲ್‌ಗಳಲ್ಲಿ ಇದರಷ್ಟು ದೊಡ್ಡವು ಕೆಲವೇ.

ಈಚೆಯ ಚಾನೆಲ್ ತೆರೆದು ಸ್ವಲ್ಪವೇ ಕ್ಯಾಲ್ಸಿಯಂ ಒಳಬಂದರೂ ಸಂದು ಅಷ್ಟು ಕಿರಿದಾದ್ದರಿಂದ ಅಲ್ಲಿನ ಮಟ್ಟ ಕ್ಷಣದಲ್ಲಿ ಹತ್ತಾರು ಮೈಕ್ರೊಮೋಲಾರಿಗೆ ಜಿಗಿಯುತ್ತದೆ. ಆ ಕ್ಯಾಲ್ಸಿಯಂ ರಯನೊಡಿನ್ ಗ್ರಾಹಕಕ್ಕೆ ಅಂಟಿದೊಡನೆ ದ್ವಾರ ತೆರೆದು ಎಸ್‌ಆರ್‌ನ ದೊಡ್ಡ ಸಂಗ್ರಹ ಹೊರಬೀಳುತ್ತದೆ. ಕ್ಯಾಲ್ಸಿಯಂನಿಂದಲೇ ಕ್ಯಾಲ್ಸಿಯಂ ಬಿಡುಗಡೆ ಎಂದು ಇದನ್ನು ಕರೆಯುತ್ತಾರೆ. ಹೃದಯಕ್ಕೂ ಕೈಕಾಲಿನ ಸ್ನಾಯುವಿಗೂ ಇರುವ ಮುಖ್ಯ ವ್ಯತ್ಯಾಸವೂ ಇದೇ. ಕೈಕಾಲಿನ ಸ್ನಾಯುವಿನಲ್ಲಿ ಹೊರಪೊರೆಯ ಚಾನೆಲ್ ಎಸ್‌ಆರ್ ದ್ವಾರವನ್ನು ನೇರವಾಗಿ ಎಳೆದು ತೆರೆಯುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಬರಲೇಬೇಕೆಂದಿಲ್ಲ. ಹೃದಯಕ್ಕೆ ಬರಲೇಬೇಕು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1883ರಲ್ಲಿ ತೋರಿಸಿದ್ದು ಇದನ್ನೇ: ನಲ್ಲಿ ನೀರಿನಲ್ಲಿ ತಯಾರಿಸಿದ ಉಪ್ಪಿನ ದ್ರಾವಣದಲ್ಲಿ ಬಡಿಯುತ್ತಿದ್ದ ಕಪ್ಪೆಯ ಹೃದಯ, ಭಟ್ಟಿ ಇಳಿಸಿದ ನೀರಿನ ದ್ರಾವಣದಲ್ಲಿ ನಿಂತುಹೋಯಿತು, ಕ್ಯಾಲ್ಸಿಯಂ ಸೇರಿಸಿದಾಗ ಮತ್ತೆ ಬಡಿಯಿತು. ಆಸ್ಪತ್ರೆಯಲ್ಲಿ ಹಾಕುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲಿರುವುದು ಅವರದೇ ಹೆಸರು.

ಕ್ಯಾಲ್ಸಿಯಂ ಕ್ಯಾಲ್ಸಿಯಂ ಅನ್ನೇ ಬಿಡಿಸುವುದಾದರೆ ಒಮ್ಮೆ ಶುರುವಾದದ್ದು ನಿಲ್ಲದೆ ಇಡೀ ಸಂಗ್ರಹ ಖಾಲಿಯಾಗಬೇಕಲ್ಲವೇ? ಬಹುಕಾಲ ಕಾಡಿದ ಪ್ರಶ್ನೆ ಇದು. ಉತ್ತರ ಸಿಕ್ಕಿದ್ದು 1993ರಲ್ಲಿ, ಸೂಕ್ಷ್ಮದರ್ಶಕದಡಿ ‘ಕ್ಯಾಲ್ಸಿಯಂ ಕಿಡಿ’ಗಳು ಕಂಡಾಗ. ಒಂದೊಂದು ಸಂದೂ ತನ್ನಷ್ಟಕ್ಕೆ ಒಂದು ಘಟಕ. ಅದರ ಕಿಡಿ ಸುಮಾರು ಎರಡು ಮೈಕ್ರೊಮೀಟರ್ ಹರಡಿ ಹತ್ತಾರು ಮಿಲಿಸೆಕೆಂಡಿನಲ್ಲಿ ಆರಿಹೋಗುತ್ತದೆ. ಪಕ್ಕದ ಸಂದು ಅಷ್ಟು ದೂರ ಇರುವುದರಿಂದ ಅಲ್ಲಿಗೆ ತಲುಪುವ ಹೊತ್ತಿಗೆ ಸಾಂದ್ರತೆ ಕುಸಿದಿರುತ್ತದೆ. ಅಲ್ಲೇ ಆ ತುದಿಯ ಎಸ್‌ಆರ್ ಬರಿದಾಗತೊಡಗಿ ದ್ವಾರವೂ ಮುಚ್ಚಿಕೊಳ್ಳುತ್ತದೆ. ಒಂದು ಕೋಶದಲ್ಲಿ ಇಂತಹ ಸಾವಿರಾರು ಸಂದುಗಳಿವೆ. ವಿದ್ಯುತ್ ಅಲೆ ಟಿ–ಕೊಳವೆಗಳ ಮೂಲಕ ಎಲ್ಲಕ್ಕೂ ಒಟ್ಟಿಗೆ ತಲುಪುವುದರಿಂದ ಕಿಡಿಗಳೆಲ್ಲ ಒಂದೇ ಸಲ ಹೊತ್ತಿ ಇಡೀ ಕೋಶ ಸಮವಾಗಿ ಬಿಗಿಯುತ್ತದೆ. ಬಡಿತದ ಬಲ ಹೆಚ್ಚಬೇಕಾದರೆ ಹೆಚ್ಚು ಸಂದುಗಳು ಹೊತ್ತಬೇಕು, ಇಲ್ಲವೇ ಪ್ರತಿ ಕಿಡಿ ದೊಡ್ಡದಾಗಬೇಕು.

ಪ್ರಮಾಣ ನೋಡಿದರೆ ಆಶ್ಚರ್ಯವಾಗುತ್ತದೆ. ಕೋಶದ ಕೆಲಸಕ್ಕೆ ಬರುವ ದ್ರವ 20 ಪಿಕೊಲೀಟರ್ ಎಂದಿಟ್ಟುಕೊಳ್ಳಿ. ಒಂದು ಪಿಕೊಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ವಿಶ್ರಾಂತಿಯಲ್ಲಿ ಅದರಲ್ಲಿರುವ ಬಿಡಿ ಕ್ಯಾಲ್ಸಿಯಂ ಅಯಾನ್‌ಗಳು ಸುಮಾರು 12 ಲಕ್ಷ. ಬಿಗಿತದ ತುದಿಯಲ್ಲಿ ಮಟ್ಟ 1 ಮೈಕ್ರೊಮೋಲಾರ್‌ನ ಹತ್ತಿರ ಬಂದಾಗ ಸುಮಾರು 1.2 ಕೋಟಿ. ಆದರೆ ಇಷ್ಟಾಗಲು ಒಳಕ್ಕೆ ಸುರಿಯಬೇಕಾದದ್ದು 80 ಕೋಟಿಯ ಆಸುಪಾಸು! ನೂರು ಅಯಾನ್ ಬಂದರೆ ತೊಂಬತ್ತೆಂಟೋ ತೊಂಬತ್ತೊಂಬತ್ತೋ ಕೂಡಲೇ ಯಾವುದಾದರೂ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಸಿಕೊಳ್ಳುವವುಗಳಲ್ಲಿ ಮುಖ್ಯವಾದದ್ದು ಟ್ರೋಪೋನಿನ್ ಸಿ.

ಎದೆನೋವೆಂದು ಮಂಗಳೂರಿನ ಯಾವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೂ ಮಾಡಿಸುವ ‘ಟ್ರೋಪೋನಿನ್ ಟೆಸ್ಟ್’ ಈ ಕುಟುಂಬದ್ದೇ. ಅಲ್ಲಿ ಅಳೆಯುವುದು ಇದರ ಜೊತೆಗಾರರಾದ ಟ್ರೋಪೋನಿನ್ ಐ ಅಥವಾ ಟಿಯನ್ನು. ಏಕೆಂದರೆ ಆ ಎರಡರ ಹೃದಯದ ರೂಪ ಹೃದಯದ್ದೇ ಎಂದು ಗುರುತಿಸಬಹುದು, ಸಿ ಹಾಗಲ್ಲ. ಕೋಶ ಸತ್ತು ಒಡೆದಾಗ ಅವು ರಕ್ತಕ್ಕೆ ಸೋರುತ್ತವೆ. ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನು ಎಳೆಗಳು ಎಳೆದಾಡಿದಾಗಲೇ ಸ್ನಾಯು ಬಿಗಿಯುವುದು. ಬದುಕಿರುವ ಕೋಶದಲ್ಲಿ ಈ ಮೂರೂ ಟ್ರೋಪೋನಿನ್‌ಗಳು ಆಕ್ಟಿನ್ ಎಳೆಯ ಮೇಲೆ ಕೂತಿರುತ್ತವೆ. ಟ್ರೋಪೋಮಯೋಸಿನ್ ಎಂಬ ಉದ್ದನೆಯ ಪ್ರೋಟೀನು ಮಯೋಸಿನ್ ಹಿಡಿಯಬೇಕಾದ ಜಾಗಗಳನ್ನು ಮುಚ್ಚಿಕೊಂಡಿರುತ್ತದೆ. ಟ್ರೋಪೋನಿನ್ ಸಿಗೆ ಕ್ಯಾಲ್ಸಿಯಂ ಅಂಟಿದಾಗ ಆ ಮುಚ್ಚಳ ಸರಿಯುತ್ತದೆ, ಮಯೋಸಿನ್ ತಲೆಗಳು ಆಕ್ಟಿನ್ನನ್ನು ಹಿಡಿದು ಎಳೆಯುತ್ತವೆ. ಹೃದಯದ ಟ್ರೋಪೋನಿನ್ ಸಿಯಲ್ಲಿ ಈ ನಿಯಂತ್ರಣದ ಜಾಗ ಒಂದೇ, ವೇಗದ ಕೈಕಾಲು ಸ್ನಾಯುವಿನದ್ದರಲ್ಲಿ ಎರಡು. ಸಾಮಾನ್ಯ ಬಡಿತದಲ್ಲಿ ಆ ಜಾಗಗಳು ಪೂರ್ತಿ ತುಂಬುವುದೇ ಇಲ್ಲ. ಓಡುವಾಗ ಬಲ ಹೆಚ್ಚಿಸಲು ಉಳಿಸಿಟ್ಟ ಅವಕಾಶ ಅದು.

ಉಳಿದರ್ಧ: ಸಡಿಲಾಗುವುದಕ್ಕೂ ಶಕ್ತಿ ಬೇಕು

ಸಡಿಲಾಗುವುದೆಂದರೆ ಸುಮ್ಮನೆ ಬಿಟ್ಟುಬಿಡುವುದು ಎಂದು ನಮಗೆ ಅನ್ನಿಸುತ್ತದೆ. ಹೃದಯದಲ್ಲಿ ಹಾಗಲ್ಲ. ಒಳಬಂದ ಆ ಎಂಬತ್ತು ಕೋಟಿ ಅಯಾನ್‌ಗಳನ್ನು ತೆಗೆಯದೆ ಕೋಶ ಸಡಿಲಾಗದು. ನಿಮಿಷಕ್ಕೆ 72 ಬಡಿತವಾದರೆ ಒಂದು ಬಡಿತಕ್ಕೆ ಸಿಗುವುದು 830 ಮಿಲಿಸೆಕೆಂಡು. ವೇಗ 150ಕ್ಕೆ ಏರಿದರೆ 400 ಮಾತ್ರ. ಅಷ್ಟರೊಳಗೆ ಬಿಗಿಯಬೇಕು, ಸಡಿಲಾಗಬೇಕು, ರಕ್ತವನ್ನೂ ತುಂಬಿಕೊಳ್ಳಬೇಕು.

ಈ ತೆಗೆಯುವ ಕೆಲಸದಲ್ಲಿ ಸುಮಾರು 70 ಶೇಕಡಾ ಮಾಡುವುದು ಎಸ್‌ಆರ್ ಪೊರೆಯ ಮೇಲಿರುವ ಸರ್ಕಾ ಎಂಬ ಪಂಪು. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ ಎರಡು ಕ್ಯಾಲ್ಸಿಯಂ ಅಯಾನ್‌ಗಳನ್ನು ಅದು ಎಸ್‌ಆರ್‌ಗೆ ಹಿಂದಿರುಗಿಸುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಹೊರಪೊರೆಯ ಸೋಡಿಯಂ–ಕ್ಯಾಲ್ಸಿಯಂ ವಿನಿಮಯಕಾರಿ ಕೋಶದಿಂದಲೇ ಆಚೆ ಹಾಕುತ್ತದೆ: ಮೂರು ಸೋಡಿಯಂ ಒಳಕ್ಕೆ, ಒಂದು ಕ್ಯಾಲ್ಸಿಯಂ ಹೊರಕ್ಕೆ. ಈ ಮೂರು–ಒಂದರ ಲೆಕ್ಕ ನೆನಪಿರಲಿ, ಡಿಗಾಕ್ಸಿನ್‌ಗೂ ಕೆಲವು ಅಪಾಯದ ಬಡಿತಗಳಿಗೂ ಇದೇ ಬೇರು. ಇಲಿಯ ಹೃದಯದಲ್ಲಿ ಸರ್ಕಾದ ಪಾಲು 90 ಶೇಕಡಾ ಮೀರುತ್ತದೆ. ಇಲಿಯಲ್ಲಿ ಗೆದ್ದ ಔಷಧಿ ಮನುಷ್ಯನಲ್ಲಿ ಸೋಲುವುದಕ್ಕೆ ಇಂತಹ ವ್ಯತ್ಯಾಸವೂ ಒಂದು ಕಾರಣ ಎಂಬುದನ್ನು ನಿಮ್ಮ ಮಗಳು ಗಮನಿಸಲಿ.

ಸರ್ಕಾಕ್ಕೆ ಫಾಸ್ಫೊಲ್ಯಾಂಬನ್ ಎಂಬ ಪುಟ್ಟ ಪ್ರೋಟೀನಿನ ಕಡಿವಾಣವಿದೆ. ಹೆದರಿದಾಗ, ಓಡಿದಾಗ, ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಓಡುವಾಗ ಅಡ್ರಿನಾಲಿನ್ ಏರುತ್ತದೆ. ಅದರಿಂದ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚಿ ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಅದು ಒಂದೇ ಹೊತ್ತಿಗೆ ಹಲವು ಕಡೆ ಕೈಯಾಡಿಸುತ್ತದೆ: ಎಲ್–ಮಾದರಿಯ ಚಾನೆಲ್‌ನಿಂದ ಹೆಚ್ಚು ಕ್ಯಾಲ್ಸಿಯಂ ಬರುವಂತೆ ಮಾಡುತ್ತದೆ, ಫಾಸ್ಫೊಲ್ಯಾಂಬನ್ನಿನ ಕಡಿವಾಣ ಬಿಡಿಸುತ್ತದೆ, ಟ್ರೋಪೋನಿನ್ ಕ್ಯಾಲ್ಸಿಯಂ ಅನ್ನು ಬೇಗ ಬಿಟ್ಟುಕೊಡುವಂತೆ ಮಾಡುತ್ತದೆ. ಹಾಗಾಗಿ ಬಿಗಿತ ಜೋರಾಗುವುದರ ಜೊತೆಗೆ ಸಡಿಲಿಕೆಯೂ ಚುರುಕಾಗುತ್ತದೆ. ಬರೀ ಬಿಗಿತ ಹೆಚ್ಚಿ ಸಡಿಲಿಕೆ ಹಿಂದುಳಿದರೆ ಹೃದಯ ತುಂಬುವುದೇ ಇಲ್ಲ, ಖಾಲಿ ಹೃದಯ ಎಷ್ಟು ಜೋರಾಗಿ ಬಿಗಿದರೇನು?

ಈಗ ನಿಮ್ಮ ಎಕೋ ರಿಪೋರ್ಟು. ಪಂಪಿಂಗ್ ಅಂದರೆ ಇಜೆಕ್ಷನ್ ಫ್ರಾಕ್ಷನ್ 60 ಶೇಕಡಾ ಎಂದು ಬರೆದು, ಕೆಳಗೆ ‘ಗ್ರೇಡ್ 1 ಡಯಾಸ್ಟೊಲಿಕ್ ಡಿಸ್‌ಫಂಕ್ಷನ್’ ಎಂದು ಬರೆದಿದ್ದರೆ ಅರ್ಥ ಇಷ್ಟು: ಬಿಗಿಯುವ ಕೆಲಸ ಚೆನ್ನಾಗಿದೆ, ಸಡಿಲಾಗುವುದು ಸ್ವಲ್ಪ ನಿಧಾನ. ತುಂಬುವಿಕೆಯ ಮೊದಲ ಅಲೆ ತಗ್ಗಿ ಹೃತ್ಕರ್ಣ (ಮೇಲಿನ ಕೋಣೆ) ಒತ್ತಿ ತುಂಬಿಸುವ ಎರಡನೆಯ ಅಲೆ ಮೇಲಾಗುತ್ತದೆ. ವಯಸ್ಸಿನೊಂದಿಗೆ ಕ್ಯಾಲ್ಸಿಯಂ ಹಿಂದೆ ಸೆಳೆಯುವುದು ನಿಧಾನವಾಗುತ್ತದೆ, ಬಿಪಿಯಿಂದ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಅರವತ್ತು ದಾಟಿದವರಲ್ಲಿ ಈ ಸಾಲು ಬಹಳ ಸಾಮಾನ್ಯ. ಅದೊಂದನ್ನೇ ನೋಡಿ ಹೃದಯ ಕೆಟ್ಟಿದೆ ಎಂದುಕೊಳ್ಳಬೇಡಿ. ಮಾಡಬೇಕಾದದ್ದು ಬಿಪಿಯನ್ನು ಹಿಡಿತದಲ್ಲಿಡುವುದು. ಅಮ್ಮನ ಅಮ್ಲೋಡಿಪಿನ್ ಅದನ್ನೇ ಮಾಡುತ್ತಿದೆ. ಆದರೆ ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ತಡಮಾಡದೆ ತೋರಿಸಿ. ಹೃದಯಕ್ಕೆ ರಕ್ತ ಕಡಿಮೆಯಾದಾಗ ಎಟಿಪಿ ಕೊರತೆ ಮೊದಲು ಕಾಣುವುದು ಸಡಿಲಿಕೆಯಲ್ಲೇ. ಬಿಗಿತ ಕುಗ್ಗುವುದು, ಇಸಿಜಿ ಬದಲಾಗುವುದು, ಎದೆನೋವು ಎಲ್ಲ ಆಮೇಲೆ.

ದ್ವಾರ ಹೆಚ್ಚು ತೆರೆದರೆ ಬಲ ಹೆಚ್ಚುತ್ತದೆಯೇ?

ಅಡಿಕೆ ತೋಟದ ಟ್ಯಾಂಕಿಯನ್ನು ನೆನೆಸಿಕೊಳ್ಳಿ. ಪಂಪು ಅಷ್ಟೇ ಇದ್ದು ವಾಲ್ವನ್ನು ಮಾತ್ರ ಹೆಚ್ಚು ತಿರುಗಿಸಿದರೆ ಮೊದಲ ದಿನ ನೀರು ಧಾರಾಳವಾಗಿ ಹರಿಯುತ್ತದೆ, ಮರುದಿನ ಟ್ಯಾಂಕಿಯ ಮಟ್ಟ ಇಳಿದು ಮೊದಲಿನಷ್ಟೇ ಬರುತ್ತದೆ. ಎಸ್‌ಆರ್ ಕೂಡ ಹೀಗೆಯೇ. ಸ್ವಲ್ಪ ಕೆಫೀನ್ ಹಾಕಿ ರಯನೊಡಿನ್ ಗ್ರಾಹಕಗಳನ್ನು ಸುಲಭವಾಗಿ ತೆರೆಯುವಂತೆ ಮಾಡಿದ ಪ್ರಯೋಗಗಳಲ್ಲಿ ಕೆಲವೇ ಬಡಿತ ಜೋರಾಗಿ ಮತ್ತೆ ಹಳೆಯ ಮಟ್ಟಕ್ಕೆ ಇಳಿದಿವೆ, ಏಕೆಂದರೆ ಹೆಚ್ಚಾಗಿ ಹೊರಬಿದ್ದದ್ದನ್ನು ವಿನಿಮಯಕಾರಿ ಕೋಶದಾಚೆಗೆ ಸಾಗಿಸಿಬಿಟ್ಟಿತು. ಪ್ರತಿ ಬಡಿತದಲ್ಲಿ ಒಳಬಂದಷ್ಟೇ ಹೊರಗೆ ಹೋಗಬೇಕು ಎಂಬ ಲೆಕ್ಕ ತಪ್ಪುವುದಿಲ್ಲ. ಬಡಿತದ ಬಲವನ್ನು ಉಳಿಯುವಂತೆ ಬದಲಿಸಲು ಎಸ್‌ಆರ್‌ನಲ್ಲಿ ಎಷ್ಟು ತುಂಬಿದೆ ಎಂಬುದನ್ನೇ ಬದಲಿಸಬೇಕು.

ಹೃದಯ ವೈಫಲ್ಯದಲ್ಲಿ ಕೆಡುವುದೂ ಇದೇ. ಸರ್ಕಾ ಕಡಿಮೆಯಾಗುತ್ತದೆ, ವಿನಿಮಯಕಾರಿ ಹೆಚ್ಚುತ್ತದೆ, ರಯನೊಡಿನ್ ದ್ವಾರ ಸಡಿಲಿಕೆಯ ಹೊತ್ತಿನಲ್ಲೂ ಸೋರುತ್ತದೆ, ಟಿ–ಕೊಳವೆಗಳು ಚದುರಿ ಕೆಲವು ದ್ವಾರಗಳಿಗೆ ಸಂಕೇತವೇ ಸಿಗುವುದಿಲ್ಲ. ಎಸ್‌ಆರ್ ಅರೆಬರೆ ತುಂಬಿರುತ್ತದೆ. ಆರೋಗ್ಯವಂತ ಹೃದಯ ವೇಗ ಹೆಚ್ಚಿದಂತೆ ಜೋರಾಗಿ ಬಿಗಿಯುತ್ತದೆ. ಸೋತ ಹೃದಯ ವೇಗ ಹೆಚ್ಚಿದಷ್ಟೂ ಮೆತ್ತಗಾಗುತ್ತದೆ, ತುಂಬಿಕೊಳ್ಳಲು ಸಮಯ ಸಾಲದೆ. ಹಾಗಿರುವಾಗ ಕ್ಯಾಲ್ಸಿಯಂ ಹೆಚ್ಚಿಸುವ ಔಷಧಿಯಿಂದ ಹೊಡೆದೆಬ್ಬಿಸಿದರೆ? ಅಂತಹ ಔಷಧಿಯಾದ ಮಿಲ್ರಿನೋನ್ ಮಾತ್ರೆಯನ್ನು ದೀರ್ಘಕಾಲ ಕೊಟ್ಟು ನೋಡಿದ ಪ್ರಾಮಿಸ್ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಸಾವು 28 ಶೇಕಡಾ ಹೆಚ್ಚಿತ್ತು. ವಂಶವಾಹಿಯ ಮೂಲಕ ಸರ್ಕಾವನ್ನೇ ಹೆಚ್ಚಿಸಲು ನೋಡಿದ ಕ್ಯುಪಿಡ್–2 ಪ್ರಯೋಗ 250 ರೋಗಿಗಳಲ್ಲಿ ನಡೆಯಿತು, ಲಾಭ ಕಾಣಲಿಲ್ಲ. ಅದೇ ಹೊತ್ತಿಗೆ, ಅಡ್ರಿನಾಲಿನ್ನಿನ ಚಾಟಿಯನ್ನು ತಪ್ಪಿಸಿ ಹೃದಯವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್‌ಗಳು ಆಯಸ್ಸು ಹೆಚ್ಚಿಸುತ್ತವೆ. ಮೆತ್ತಗಾದ ಹೃದಯಕ್ಕೆ ನಿಧಾನ ಮಾಡುವ ಮಾತ್ರೆ ಯಾಕೆ ಎಂದು ಮನೆಯವರು ಅದನ್ನು ತಾವಾಗಿಯೇ ನಿಲ್ಲಿಸುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ.

ಅಮ್ಲೋಡಿಪಿನ್ ಅಮ್ಮನ ಹೃದಯವನ್ನು ಯಾಕೆ ಕುಗ್ಗಿಸುವುದಿಲ್ಲ

ಎಲ್–ಮಾದರಿಯ ಚಾನೆಲ್ ಹೃದಯದಲ್ಲೂ ಇದೆ, ರಕ್ತನಾಳದ ಗೋಡೆಯ ಸ್ನಾಯುವಿನಲ್ಲೂ ಇದೆ. ಅಮ್ಲೋಡಿಪಿನ್ ಚೆನ್ನಾಗಿ ಅಂಟುವುದು ಪೊರೆಯ ಋಣಾವೇಶ ಕಡಿಮೆ ಇದ್ದು ಚಾನೆಲ್ ದಣಿದ ಸ್ಥಿತಿಯಲ್ಲಿರುವಾಗ. ರಕ್ತನಾಳದ ಸ್ನಾಯುವಿನ ಪೊರೆ ಹೆಚ್ಚು ಹೊತ್ತೂ ಹಾಗೆಯೇ ಇರುತ್ತದೆ. ಕುಹರದ ಕೋಶ ಬಡಿತ ಬಡಿತದ ನಡುವೆ ಋಣ 85ಕ್ಕೆ ಮರಳುವುದರಿಂದ ಅಲ್ಲಿ ಔಷಧಿಗೆ ಹಿಡಿತ ಸಿಗುವುದಿಲ್ಲ. ಎರಡು ಕಡೆಯ ಚಾನೆಲ್‌ಗಳ ರಚನೆಯಲ್ಲೂ ಸಣ್ಣ ವ್ಯತ್ಯಾಸಗಳಿವೆ. ಹೀಗಾಗಿ ಸಾಮಾನ್ಯ ಪ್ರಮಾಣದಲ್ಲಿ ಅದು ರಕ್ತನಾಳವನ್ನು ಸಡಿಲಗೊಳಿಸಿ ಬಿಪಿ ಇಳಿಸುತ್ತದೆ, ಹೃದಯವನ್ನು ಬಹುತೇಕ ಮುಟ್ಟುವುದಿಲ್ಲ. ಪಾದದ ಗಂಟಿನ ಬಳಿ ಬಾವು ಬಂದರೆ ಹೆಚ್ಚಾಗಿ ಸಣ್ಣ ಧಮನಿಗಳು ಹಿಗ್ಗಿ ದ್ರವ ಜಿನುಗಿದ್ದರಿಂದ, ಹೃದಯ ಸೋತದ್ದರಿಂದ ಅಲ್ಲ. ಆದರೂ ಡಾಕ್ಟರಿಗೆ ತಿಳಿಸಿ.

ವೆರಾಪಮಿಲ್, ಡಿಲ್ಟಿಯಾಜೆಮ್ ಬೇರೆ ಜಾತಿ. ಅವು ಹೃದಯದ ಮೇಲೂ ಕೆಲಸ ಮಾಡುತ್ತವೆ, ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಸಂಕೇತ ದಾಟಿಸುವ ಎವಿ ನೋಡಿನ ವೇಗ ತಗ್ಗಿಸುತ್ತವೆ. ಪಂಪಿಂಗ್ ಕಡಿಮೆ ಇರುವವರಿಗೆ ಅವು ಹೊಂದುವುದಿಲ್ಲ, ಬೀಟಾ ಬ್ಲಾಕರ್ ಜೊತೆಗೆ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ‘ಕ್ಯಾಲ್ಸಿಯಂ ಬ್ಲಾಕರ್’ ಎಂಬ ಒಂದೇ ಹೆಸರು ನೋಡಿ ಒಂದರ ಬದಲು ಇನ್ನೊಂದನ್ನು ತೆಗೆದುಕೊಳ್ಳಬಾರದು. ಈ ಬ್ಲಾಕರ್‌ಗಳು ವಿಪರೀತ ಪ್ರಮಾಣದಲ್ಲಿ ಹೊಟ್ಟೆ ಸೇರಿದಾಗ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ನೇರವಾಗಿ ಕ್ಯಾಲ್ಸಿಯಂ ಕೊಡುವುದಿದೆ. ಬಾಯಿಂದ ನುಂಗುವ 500ರ ಮಾತ್ರೆಗೆ ಆ ಶಕ್ತಿ ಇಲ್ಲ.

ಸೋದರಮಾವನ ಡಿಗಾಕ್ಸಿನ್

ಇಲ್ಲಿ ಹೆಚ್ಚು ಎಚ್ಚರ ಬೇಕು. ಡಿಗಾಕ್ಸಿನ್ ಕ್ಯಾಲ್ಸಿಯಂ ಚಾನೆಲ್ ಅನ್ನು ಮುಟ್ಟುವುದೇ ಇಲ್ಲ. ಅದು ಹಿಡಿಯುವುದು ಕೋಶದಿಂದ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ಪಂಪನ್ನು. ಸೋಡಿಯಂ ಒಳಗೆ ಸ್ವಲ್ಪ ಏರಿದರೆ ಮೂರು–ಒಂದರ ವಿನಿಮಯಕ್ಕೆ ಒತ್ತಡ ಕಡಿಮೆಯಾಗುತ್ತದೆ, ಕ್ಯಾಲ್ಸಿಯಂ ಹೊರಹೋಗುವುದು ತಗ್ಗುತ್ತದೆ, ಉಳಿದದ್ದನ್ನು ಸರ್ಕಾ ಎಸ್‌ಆರ್‌ಗೆ ತುಂಬುತ್ತದೆ. ಮುಂದಿನ ಬಡಿತ ಸ್ವಲ್ಪ ಜೋರಾಗುತ್ತದೆ.

ತುಂಬುವುದು ಅತಿಯಾದರೆ ಏನಾಗುತ್ತದೆ? ಎಸ್‌ಆರ್ ತುಳುಕಿ, ವಿದ್ಯುತ್ ಸಂಕೇತವಿಲ್ಲದೆಯೇ ಯಾವುದೋ ಒಂದು ಸಂದಿನಲ್ಲಿ ಕಿಡಿ ಹೊತ್ತಿ ಪಕ್ಕಕ್ಕೂ ಹಬ್ಬಿ ಅಲೆಯಾಗಿ ಕೋಶವಿಡೀ ಸಾಗುತ್ತದೆ. ಆ ಕ್ಯಾಲ್ಸಿಯಂ ಅನ್ನು ಹೊರಹಾಕಲು ವಿನಿಮಯಕಾರಿ ಒಂದಕ್ಕೆ ಮೂರು ಸೋಡಿಯಂ ಒಳತರುತ್ತದೆ. ಕ್ಯಾಲ್ಸಿಯಂ ಒಂದಕ್ಕೆ ಎರಡು ಧನಾವೇಶ, ಸೋಡಿಯಂಗೆ ಒಂದು; ಹೀಗೆ ಎರಡು ಧನಾವೇಶ ಹೊರಗೆ ಹೋಗಿ ಮೂರು ಒಳಬಂದರೆ ಪ್ರತಿಸಲ ಒಂದು ಧನಾವೇಶ ಒಳಗೆ ಉಳಿಯುತ್ತದೆ. ಅದು ಕೂಡಿ ಕೂಡಿ ಕೋಶವನ್ನು ತಪ್ಪು ಹೊತ್ತಿನಲ್ಲಿ ಎಬ್ಬಿಸುತ್ತದೆ. ಡಿಗಾಕ್ಸಿನ್ ವಿಷವಾದಾಗಿನ ಅಡ್ಡಬಡಿತಗಳು ಹೀಗೆ ಹುಟ್ಟುತ್ತವೆ.

ಹೃದಯ ವೈಫಲ್ಯದಲ್ಲಿ ರಕ್ತದ ಡಿಗಾಕ್ಸಿನ್ ಮಟ್ಟ 0.5ರಿಂದ 0.9 ನ್ಯಾನೊಗ್ರಾಂ/ಮಿ.ಲೀ. ಒಳಗಿದ್ದರೆ ಒಳ್ಳೆಯದು. ಪರೀಕ್ಷೆಗೆ ರಕ್ತ ಕೊಡುವುದು ಮಾತ್ರೆ ನುಂಗಿ ಕನಿಷ್ಠ 6 ಗಂಟೆಯ ಮೇಲೆ. ಬೇಗ ಕೊಟ್ಟರೆ ಮಟ್ಟ ಸುಳ್ಳೇ ಹೆಚ್ಚಾಗಿ ಕಾಣುತ್ತದೆ. 6,800 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಈ ಔಷಧಿ ಸಾವನ್ನು ಕಡಿಮೆ ಮಾಡಲಿಲ್ಲ, ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡಿತು. ಹೆಚ್ಚು ಕೊಟ್ಟರೆ ಹೆಚ್ಚು ಲಾಭ ಎಂಬುದು ಇದರಲ್ಲಿಲ್ಲ. ಕೆಲವರಿಗೆ ವಾರಕ್ಕೆ 5 ದಿನ ಎಂದು ಬರೆದಿರುತ್ತಾರೆ. ಆ ಬಿಡುವಿನ 2 ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಮಾವ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್‌ನಂತಹ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಪೊಟ್ಯಾಸಿಯಂ ಇಳಿಯುತ್ತದೆ. ಪೊಟ್ಯಾಸಿಯಂ ಮತ್ತು ಡಿಗಾಕ್ಸಿನ್ ಒಂದೇ ಪಂಪಿನ ಮೇಲೆ ಪೈಪೋಟಿ ನಡೆಸುವುದರಿಂದ, ಮೊದಲನೆಯದು ಇಳಿದರೆ ಎರಡನೆಯದರ ಹಿಡಿತ ಬಿಗಿಯಾಗಿ ಅದೇ ಪ್ರಮಾಣ ವಿಷವಾಗಬಹುದು. ಏಪ್ರಿಲ್–ಮೇ ಸೆಕೆಯಲ್ಲಿ ಬೆವರಿ ಬಳಲಿ ವಾಂತಿಭೇದಿಯಾದಾಗ ಇದು ಇನ್ನೂ ಹೆಚ್ಚು, ಮೂತ್ರಪಿಂಡವೂ ಡಿಗಾಕ್ಸಿನ್ನನ್ನು ಹೊರಹಾಕಲು ತಡಮಾಡುತ್ತದೆ. ಹಾಗಂತ ದಿನಾ ಎರಡು ಬೊಂಡ ಕುಡಿಸಿ ಎಂದು ನಾನು ಹೇಳಲಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ; ಮೂತ್ರಪಿಂಡ ಕುಂದಿದ್ದರೆ, ಅಥವಾ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ನಡೆಯುತ್ತಿದ್ದರೆ ಅದು ಮಿತಿಮೀರಿ ಏರಿ ಹೃದಯವನ್ನೇ ನಿಲ್ಲಿಸಬಹುದು. ಮೊದಲು ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಕೇಳಿ. ಪೊಟ್ಯಾಸಿಯಂ 4ರಿಂದ 5ರೊಳಗೆ ಇರಬೇಕು. ಊಟ ಸೇರದಿರುವುದು, ವಾಕರಿಕೆ, ದೀಪದ ಸುತ್ತ ಹಳದಿ ಪ್ರಭೆ, ನಾಡಿ ತೀರಾ ನಿಧಾನವಾಗುವುದು, ವಯಸ್ಸಾದವರಲ್ಲಿ ಗೊಂದಲ ಕಂಡರೆ ಮುಂದಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಅಮಿಯೊಡರೋನ್, ವೆರಾಪಮಿಲ್, ಕ್ಲಾರಿಥ್ರೊಮೈಸಿನ್ ಹೊಸದಾಗಿ ಶುರುವಾದರೆ ಡಿಗಾಕ್ಸಿನ್ ಮಟ್ಟ ಏರುತ್ತದೆ, ಬರೆದುಕೊಡುವವರಿಗೆ ನೆನಪಿಸಿ.

ಇದೇ ಪಂಪನ್ನು ಇದೇ ರೀತಿ ಹಿಡಿಯುವ ವಿಷ ನಮ್ಮ ಅಂಗಳದ ಬೇಲಿಯಲ್ಲೂ ಇದೆ: ಕಣಗಿಲೆ ಮತ್ತು ಹಳದಿ ಕಣಗಿಲೆ. ಮಗು ಅದರ ಕಾಯಿಯನ್ನೋ ಎಲೆಯನ್ನೋ ಅಗಿದಿದ್ದರೆ, ವಾಂತಿ ಬರಲಿ ಬಾರದಿರಲಿ, ಮನೆಮದ್ದು ಮಾಡುತ್ತ ಕೂರದೆ ಇಸಿಜಿ ಮಾನಿಟರ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಗಿಡದ ತುಂಡೊಂದನ್ನು ಜೊತೆಗೆ ಒಯ್ದರೆ ವೈದ್ಯರಿಗೆ ಸಮಯ ಉಳಿಯುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು ಸೇರಿಸಬೇಕು. ರಯನೊಡಿನ್ ಗ್ರಾಹಕ ಅಥವಾ ಕ್ಯಾಲ್ಸಿಕ್ವೆಸ್ಟ್ರಿನ್ ಹುಟ್ಟಿನಿಂದಲೇ ದೋಷವುಳ್ಳದ್ದಾಗಿದ್ದರೆ ಅಡ್ರಿನಾಲಿನ್ ಏರಿದಾಗಲೆಲ್ಲ ಮೇಲೆ ಹೇಳಿದ ತಪ್ಪು ಅಲೆಗಳೇ ಹುಟ್ಟುತ್ತವೆ. ಸಿಪಿವಿಟಿ ಎಂಬ ಈ ಕಾಯಿಲೆ ಅಪರೂಪ, ಆದರೆ ಮಕ್ಕಳ ಜೀವ ತೆಗೆಯುತ್ತದೆ. ಮಲಗಿಸಿ ತೆಗೆದ ಇಸಿಜಿ, ಎಕೋ ಎರಡೂ ಸರಿ ಇರುತ್ತವೆ. ತೊಂದರೆ ಕಾಣುವುದು ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ. ಕ್ರೀಡಾಕೂಟದಲ್ಲಿ ಓಡುವಾಗಲೋ, ಹೊಳೆಯಲ್ಲಿ ಈಜುವಾಗಲೋ, ಹೆದರಿದಾಗಲೋ ಮಗು ಪ್ರಜ್ಞೆ ತಪ್ಪಿದರೆ ‘ಬಿಸಿಲಿಗೆ ತಲೆ ತಿರುಗಿತು’ ಎಂದು ಬಿಡಬೇಡಿ, ಹೃದಯತಜ್ಞರಿಗೆ ತೋರಿಸಿ. ಬೀಟಾ ಬ್ಲಾಕರ್, ಬೇಕಿದ್ದರೆ ಫ್ಲೆಕೈನೈಡ್, ಇವುಗಳಿಂದ ಇಂತಹ ಮಕ್ಕಳನ್ನು ಕಾಪಾಡಲು ಸಾಧ್ಯವಿದೆ.

ಅಮ್ಮನ ವಿಷಯಕ್ಕೆ ಮರಳುವುದಾದರೆ, ಕ್ಯಾಲ್ಸಿಯಂ ಮಾತ್ರೆ ಕಾರ್ಬೊನೇಟ್ ಆಗಿದ್ದರೆ ಊಟದ ಜೊತೆಗೆ ಕೊಡಿ, ಹೊಟ್ಟೆಯ ಆಮ್ಲ ಅದಕ್ಕೆ ಬೇಕು. ಥೈರಾಯ್ಡ್ ಮಾತ್ರೆ ಇದ್ದರೆ ನಡುವೆ 4 ಗಂಟೆ ಬಿಡಿ. ವಿಟಮಿನ್ ಡಿಯನ್ನು ವಾರಕ್ಕೊಮ್ಮೆ ಎಂದು ಬರೆದಿದ್ದರೆ ದಿನಾ ಕೊಡಬೇಡಿ. ಇಂತಹ ತಪ್ಪಿನಿಂದ ರಕ್ತದ ಕ್ಯಾಲ್ಸಿಯಂ ನಿಜವಾಗಿಯೂ ಏರಬಹುದು. ಮೂತ್ರದ ಕಲ್ಲು ಆಗಿದ್ದರೆ ಮೂಳೆ ಡಾಕ್ಟರಿಗೆ ಮೊದಲೇ ಹೇಳಿ. ಪರೀಕ್ಷೆ ಮಾಡಿಸಿದಾಗ ಆಲ್ಬುಮಿನ್ ಕಡಿಮೆ ಇದ್ದರೆ ಕ್ಯಾಲ್ಸಿಯಂ ಸುಳ್ಳೇ ಕಡಿಮೆ ತೋರುತ್ತದೆ: ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಬಂದದ್ದನ್ನು ಕ್ಯಾಲ್ಸಿಯಂಗೆ ಕೂಡಿಸಿ ನೋಡಬೇಕು. ಮಾವನಿಗೂ ಯಾರಾದರೂ ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದುಕೊಟ್ಟರೆ ಡಿಗಾಕ್ಸಿನ್ ಚೀಟಿ ತೋರಿಸಿ ಕೇಳಿ; ರಕ್ತದ ಕ್ಯಾಲ್ಸಿಯಂ ಮಿತಿಮೀರಿದರೆ ಡಿಗಾಕ್ಸಿನ್‌ನಿಂದ ಅಡ್ಡಬಡಿತ ಬರುವ ಸಂಭವ ಹೆಚ್ಚುತ್ತದೆ.